ಒಂದನೇ ನಂಬರ್ ಯಾರಿಗೆ?

ತಿಪಟೂರು ದಾಟಿ ಅರಸೀಕೆರೆ ಕಡೆಗೆ ಹೊರಟಿದ್ದಾಗ ಜಗಳ ಶುರುವಾಯಿತು. ತೀರ್ಥಹಳ್ಳಿಯಲ್ಲಿ ಮದುವೆ, ಟೆಂಪೋ ಟ್ರಾವೆಲರ್ ತುಂಬ ನಮ್ಮವರೇ. ಡ್ರೈವರ್ ಸೀಟಿನ ಹಿಂದೆ ಪುಟ್ಟದೊಂದು ಟಿವಿ ಇತ್ತು. ಯಾವ ಸಿನಿಮಾ ಹಾಕಿಸೋಣ ಎಂದು ಯಾರೋ ಕೇಳಿದ್ದೇ ತಪ್ಪಾಯಿತು. ಸೋದರತ್ತೆ ‘ಬಂಗಾರದ ಮನುಷ್ಯ’ ಎಂದರು. ಭಾವ ‘ಗಣೇಶನ ಮದುವೆ’ ಎಂದರು. ಕಾಲೇಜಿನಲ್ಲಿ ಸಿನಿಮಾ ಓದುತ್ತಿರುವ ಅಕ್ಕನ ಮಗಳು ‘ಘಟಶ್ರಾದ್ಧ’ ಎಂದಳು.

‘ಬಿಡ್ತು ಅನ್ನು! ಮದುವೆಗೆ ಹೋಗ್ತಾ ಶ್ರಾದ್ಧದ ಮಾತೇನೇ?’ ಅತ್ತೆ ಸಿಡುಕಿದರು.

ಉಳಿದವರು ಅರ್ಧ ನಿದ್ದೆಯಲ್ಲಿ, ಅರ್ಧ ಚಕ್ಕುಲಿಯಲ್ಲಿ ಇದ್ದರು. ಹಾಗಾಗಿ ಮೂವರ ನಡುವೆ ಪಂಚಾಯ್ತಿಗೆ ನಾನು ಕೂತೆ. ಒಂದೇ ಹೆಸರು ಹೇಳಿದರೆ ತಲೆಗೊಂದು ವೋಟಾಗಿ ಅಲ್ಲಿಗೇ ನಿಲ್ಲುತ್ತದೆ. ಮೂರೂ ಸಿನಿಮಾಗಳನ್ನು ನಿಮ್ಮಿಷ್ಟದ ಪ್ರಕಾರ ಒಂದು, ಎರಡು, ಮೂರು ಎಂದು ಹೇಳಿ, ಲೆಕ್ಕ ಹಾಕಿ ತೀರ್ಪು ಕೊಡುತ್ತೇನೆ ಎಂದೆ. ಅತ್ತೆಯದು ಬಂಗಾರದ ಮನುಷ್ಯ, ಆಮೇಲೆ ಗಣೇಶ, ಕೊನೆಗೆ ಶ್ರಾದ್ಧ. ಭಾವನದು ಗಣೇಶ, ಆಮೇಲೆ ಘಟಶ್ರಾದ್ಧ, ಏಕೆಂದರೆ ಅವರು ಅದರಲ್ಲಿರುವಂಥ ಮಲೆನಾಡಿನ ಅಗ್ರಹಾರದಲ್ಲೇ ಹುಟ್ಟಿದವರು. ಬಂಗಾರದ ಮನುಷ್ಯ ಅವರಿಗೆ ಕೊನೆಯದು. ಕೊನೆಯಲ್ಲಿ ನಾಯಕ ರಾಜೀವ ಮನೆ ಬಿಟ್ಟು ಹೋಗುವುದನ್ನು ಅವರಿಂದ ಈಗಲೂ ನೋಡಲಾಗುವುದಿಲ್ಲವಂತೆ. ಹುಡುಗಿಯದು ಘಟಶ್ರಾದ್ಧ, ಬಂಗಾರದ ಮನುಷ್ಯ, ಗಣೇಶ.

ಈಗ ಎರಡೆರಡನ್ನೇ ಹೋಲಿಸಿ. ಬಂಗಾರದ ಮನುಷ್ಯನೋ ಗಣೇಶನೋ? ಅತ್ತೆ ಮತ್ತು ಹುಡುಗಿ ಸೇರಿ ಇಬ್ಬರು ಬಂಗಾರದ ಮನುಷ್ಯನ ಕಡೆ. ಗಣೇಶನೋ ಘಟಶ್ರಾದ್ಧವೋ? ಅತ್ತೆ, ಭಾವ ಇಬ್ಬರೂ ಗಣೇಶನ ಕಡೆ. ಹಾಗಾದರೆ ಬಂಗಾರದ ಮನುಷ್ಯ ಘಟಶ್ರಾದ್ಧವನ್ನು ಸುಲಭವಾಗಿ ಸೋಲಿಸಬೇಕಲ್ಲವೇ? ಇಲ್ಲ. ಭಾವ ಮತ್ತು ಹುಡುಗಿ ಇಬ್ಬರೂ ಘಟಶ್ರಾದ್ಧದ ಕಡೆ. ಮೊದಲನೆಯದು ಎರಡನೆಯದನ್ನು ಗೆದ್ದಿತು, ಎರಡನೆಯದು ಮೂರನೆಯದನ್ನು ಗೆದ್ದಿತು, ಮೂರನೆಯದು ಹೋಗಿ ಮೊದಲನೆಯದನ್ನೇ ಗೆದ್ದಿತು. ಗಾಣದ ಎತ್ತಿನ ಹಾಗೆ ಎಷ್ಟು ಸುತ್ತಿದರೂ ಅಲ್ಲೇ.

ಇದು ನಮ್ಮ ವಂಶದ ಮೊಂಡುತನವಲ್ಲ. ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಒಬ್ಬೊಬ್ಬರ ಮನಸ್ಸಿನಲ್ಲೂ ಇಷ್ಟಗಳು ನೆಟ್ಟಗೆ ಸಾಲಾಗಿ ನಿಂತಿದ್ದರೂ, ಅವನ್ನೆಲ್ಲ ಕೂಡಿಸಿದಾಗ ಸಾಲು ಬಾಗಿ ಚಕ್ರವಾಗಬಹುದು. ಆತನ ಕಾಲದವನೇ ಆದ ಬೋರ್ಡಾ ಬೇರೊಂದು ದಾರಿ ತೋರಿಸಿದ್ದ: ಮೊದಲ ಸ್ಥಾನಕ್ಕೆ ಹೆಚ್ಚು ಅಂಕ, ಎರಡನೆಯದಕ್ಕೆ ಅದಕ್ಕಿಂತ ಕಡಿಮೆ, ಹೀಗೆ ಕೊಟ್ಟು ಕೂಡಿ. ಅದನ್ನೂ ಮಾಡಿದೆ. ಮೂರು, ಎರಡು, ಒಂದು ಅಂಕದ ಲೆಕ್ಕದಲ್ಲಿ ಮೂರೂ ಸಿನಿಮಾಗಳಿಗೆ ಆರಾರೇ ಬಂತು. ಇನ್ನೂ ಜಾಣ ವಿಧಾನ ಯಾವುದಾದರೂ ಇದ್ದೀತು ಎಂದು ಹುಡುಕುವವರಿಗೆ 1951ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ತಣ್ಣೀರು ಎರಚಿದರು. ಮೂರು ಅಥವಾ ಅದಕ್ಕಿಂತ ಹೆಚ್ಚು ಆಯ್ಕೆಗಳಿದ್ದಾಗ, ನ್ಯಾಯವೆನಿಸುವ ಕೆಲವೇ ಷರತ್ತುಗಳನ್ನೂ ಒಟ್ಟಿಗೆ ಪಾಲಿಸುತ್ತ ಎಲ್ಲರ ಕ್ರಮಾಂಕಗಳನ್ನು ಒಂದು ಕ್ರಮಾಂಕವಾಗಿಸುವ ವಿಧಾನವೇ ಇಲ್ಲವೆಂದು ಅವರು ಸಾಧಿಸಿ ತೋರಿಸಿದರು. 1972ರಲ್ಲಿ ಅವರಿಗೆ ನೊಬೆಲ್ ಬಂತು. ಕಾಕತಾಳೀಯವೆಂದರೆ ‘ಬಂಗಾರದ ಮನುಷ್ಯ’ ಬಂದದ್ದೂ ಅದೇ ವರ್ಷ.

ಇಷ್ಟೆಲ್ಲ ಲೆಕ್ಕ ಮುಗಿಯುವ ಹೊತ್ತಿಗೆ ಡ್ರೈವರ್ ಕನ್ನಡಿಯಲ್ಲೇ ನಮ್ಮನ್ನು ನೋಡಿ ಹೇಳಿದ: ‘ಸಾರ್, ಪೆನ್‌ಡ್ರೈವ್‌ನಲ್ಲಿ ನೀವು ಹೇಳಿದ್ದು ಮೂರೂ ಇಲ್ಲ.’ ಅವನ ಇಷ್ಟದ ಹಾಡುಗಳು ಶುರುವಾದವು, ಕಡೂರಿನವರೆಗೂ ನಡೆದವು.

ನಮ್ಮ ವ್ಯಾನಿನಲ್ಲಿ ಆದದ್ದೇ ದೊಡ್ಡ ಮಟ್ಟದಲ್ಲಿ ಲಂಡನ್ನಿನಲ್ಲಿ ಹತ್ತು ವರ್ಷಕ್ಕೊಮ್ಮೆ ಆಗುತ್ತದೆ. ‘ಸೈಟ್ ಅಂಡ್ ಸೌಂಡ್’ ಎಂಬ ಸಿನಿಮಾ ಪತ್ರಿಕೆ 1952ರಿಂದ ಜಗತ್ತಿನ ವಿಮರ್ಶಕರನ್ನು ಅವರ ಹತ್ತು ಶ್ರೇಷ್ಠ ಚಿತ್ರಗಳು ಯಾವುವೆಂದು ಕೇಳುತ್ತ ಬಂದಿದೆ. ಮೊದಲ ಸಲ ಗೆದ್ದದ್ದು ಇಟಲಿಯ ‘ಬೈಸಿಕಲ್ ಥೀವ್ಸ್’, 25 ವೋಟು ಪಡೆದು. ಆಗ ಮೊದಲ ಹತ್ತರಲ್ಲೂ ಇಲ್ಲದಿದ್ದ ‘ಸಿಟಿಜನ್ ಕೇನ್’ 1962ರಲ್ಲಿ ಒಂದನೆಯದಾಗಿ ಐದು ಸಲ, ಅಂದರೆ 2002ರ ಮತದಾನದಲ್ಲೂ, ಅಲ್ಲೇ ಕೂತಿತ್ತು. ಹಿಚ್‌ಕಾಕ್‌ನ ‘ವರ್ಟಿಗೊ’ 1982ರಲ್ಲಿ ಹತ್ತರೊಳಗೆ ಬಂದು, 1992ರಲ್ಲಿ ನಾಲ್ಕು, 2002ರಲ್ಲಿ ಎರಡು, 2012ರಲ್ಲಿ ಒಂದು ಎಂದು ಮೆಟ್ಟಿಲು ಹತ್ತಿತು. 1958ರಲ್ಲಿ ಬಂದ ಸಿನಿಮಾ ಅದು. ಅದರಲ್ಲಿ ಒಂದು ಫ್ರೇಮೂ ಬದಲಾಗಿರಲಿಲ್ಲ, ಬದಲಾಗಿದ್ದು ವೋಟು ಹಾಕುವವರು. 2022ರಲ್ಲಿ ಮತದಾರರ ಸಂಖ್ಯೆ ಸುಮಾರು ದುಪ್ಪಟ್ಟಾಗಿ 1,600 ದಾಟಿತು. ಬ್ರಸೆಲ್ಸ್‌ನ ವಿಧವೆಯೊಬ್ಬಳು ಆಲೂಗಡ್ಡೆ ಸಿಪ್ಪೆ ತೆಗೆಯುವುದನ್ನೂ ಹಾಸಿಗೆ ಸರಿಮಾಡುವುದನ್ನೂ ಮೂರು ಗಂಟೆ ಇಪ್ಪತ್ತು ನಿಮಿಷ ತಾಳ್ಮೆಯಿಂದ ತೋರಿಸುವ ‘ಜಾನ್ ಡೀಲ್ಮನ್’ ಮೇಲಕ್ಕೆ ಬಂತು. 1975ರಲ್ಲಿ ಅದನ್ನು ಮಾಡಿದಾಗ ಶಾಂತಾಲ್ ಅಕರ್ಮನ್‌ಗೆ ಇಪ್ಪತ್ತೈದರ ಆಸುಪಾಸು. ಹೆಣ್ಣೊಬ್ಬಳು ನಿರ್ದೇಶಿಸಿದ ಚಿತ್ರ ಆ ಪಟ್ಟಿಯ ತುದಿಗೆ ಬಂದದ್ದು ಅದೇ ಮೊದಲು.

ಆ ಪಟ್ಟಿಯ ಒಳಗುಟ್ಟು ಅದರ ಲೆಕ್ಕದಲ್ಲಿದೆ. ವಿಮರ್ಶಕರು ಕೊಡುವ ಹತ್ತು ಹೆಸರುಗಳಿಗೆ ಕ್ರಮಾಂಕವಿಲ್ಲ. ಹತ್ತಕ್ಕೂ ತಲಾ ಒಂದೇ ವೋಟು. ಅಂದರೆ ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ಸಿನಿಮಾಗೂ, ‘ಇದೂ ಇರಲಿ’ ಎಂದು ಹತ್ತನೆಯದಾಗಿ ಸೇರಿಸಿದ್ದಕ್ಕೂ ಒಂದೇ ತೂಕ. 2012ರಲ್ಲಿ 846 ಮಂದಿ ಪಟ್ಟಿ ಕಳಿಸಿದ್ದರು, ವರ್ಟಿಗೊಗೆ ಬಂದದ್ದು 191 ವೋಟು. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ‘ಜಗತ್ತಿನ ಅತಿ ಶ್ರೇಷ್ಠ ಚಿತ್ರ’ವನ್ನು ತಮ್ಮ ಹತ್ತರಲ್ಲೂ ಸೇರಿಸಿರಲಿಲ್ಲ! ಪತ್ರಿಕೆಯ ಶೀರ್ಷಿಕೆಯಲ್ಲಿ ಮಾತ್ರ ಅದು ಜಗತ್ತಿನ ತೀರ್ಪು.

ನಮ್ಮಲ್ಲೂ 2022ರಲ್ಲಿ ಅಂತರರಾಷ್ಟ್ರೀಯ ಸಿನಿಮಾ ವಿಮರ್ಶಕರ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತ ಘಟಕದ ವಿಮರ್ಶಕರು ಹತ್ತು ಭಾರತೀಯ ಚಿತ್ರಗಳನ್ನು ಆರಿಸಿದರು. ಒಂದನೆಯದು ‘ಪಥೇರ್ ಪಾಂಚಾಲಿ’, ಹತ್ತನೆಯದು ‘ಶೋಲೆ’. ಐದನೆಯದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, ಹತ್ತರಲ್ಲಿ ಕನ್ನಡದ್ದು ಅದೊಂದೇ. ಅಕ್ಕನ ಮಗಳು ವ್ಯಾನಿನಲ್ಲಿ ಇದನ್ನೇ ಬ್ರಹ್ಮಾಸ್ತ್ರದಂತೆ ಪ್ರಯೋಗಿಸಿದ್ದಳು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: ‘ಐದನೇದಾ? ಹಾಗಾದ್ರೆ ನೀನ್ಯಾಕೆ ಅದನ್ನ ಒಂದನೇದು ಅಂದೆ?’

ಅತ್ತೆಯ ಪ್ರಶ್ನೆ ಹುಂಬತನದ್ದಲ್ಲ. ನಾವು ಎರಡು ಬೇರೆ ಮಾತುಗಳನ್ನು ಒಂದೇ ತಕ್ಕಡಿಯಲ್ಲಿ ಹಾಕುತ್ತೇವೆ: ಇಷ್ಟ ಮತ್ತು ಶ್ರೇಷ್ಠ. ಶ್ರೇಷ್ಠವಾದದ್ದನ್ನು ವಾದಿಸಿ ಒಪ್ಪಿಸಬಹುದು, ಅದಕ್ಕೆ ಸಾಕ್ಷಿ ಕೊಡಬಹುದು. ಇಷ್ಟಕ್ಕೆ ಸಾಕ್ಷಿ ಕೊಡಹೊರಟರೆ ಮನುಷ್ಯ ತನ್ನ ಜಾತಕವನ್ನೇ ಬಿಚ್ಚಬೇಕಾಗುತ್ತದೆ. ‘ನಿಮ್ಮ ಮೆಚ್ಚಿನ ಹತ್ತು’ ಎಂದು ಯಾರಾದರೂ ಕೇಳಿದಾಗ ನಾವು ಮಾಡುವುದು ಏನೆಂದರೆ, ನಾಲ್ಕು ಇಷ್ಟದವನ್ನು ಬರೆದು, ಆಮೇಲೆ ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ಆರು ಶ್ರೇಷ್ಠವಾದವನ್ನು ಸೇರಿಸುವುದು. ಹೆಣ್ಣು ನೋಡಲು ಬಂದವರ ಮುಂದೆ ಒಳ್ಳೆಯ ಲೋಟಗಳನ್ನು ಇಡುವ ಹಾಗೆ.

ಹಾಡಿನ ವಿಷಯದಲ್ಲಿ ಈ ನಾಟಕ ಸ್ವಲ್ಪ ಕಡಿಮೆ.

ಅಪ್ಪನ ಕಾಲದವರಿಗೆ ಪಟ್ಟಿ ಎಂದರೆ ಬುಧವಾರ ರಾತ್ರಿ ಎಂಟು ಗಂಟೆ. 1952ರಲ್ಲಿ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಮೂಲೆಗೆ ತಳ್ಳಿದಾಗ, ಕೇಳುಗರು ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಕಾದಿತ್ತು. ಹಾಡಿನ ಸ್ಥಾನಕ್ಕೆ ಅವರು ಬಳಸುತ್ತಿದ್ದ ಪದ ‘ಪಾಯ್‌ದಾನ್’, ಅಂದರೆ ಮೆಟ್ಟಿಲು. ಈ ವಾರ ಯಾವ ಹಾಡು ಯಾವ ಮೆಟ್ಟಿಲು ಹತ್ತಿತು, ಯಾವುದು ಜಾರಿತು ಎಂದು ಕೇಳಲು ಅಪ್ಪ ಊರಿನ ಹೋಟೆಲಿನ ರೇಡಿಯೊ ಮುಂದೆ ಕೂತಿರುತ್ತಿದ್ದರಂತೆ. ಹಿಂದಿ ಅವರಿಗೆ ಅರ್ಧಂಬರ್ಧ. ಸ್ಥಾನ ನಿರ್ಧರಿಸುತ್ತಿದ್ದದ್ದು ರೆಕಾರ್ಡ್ ಅಂಗಡಿಗಳ ಮಾರಾಟ ಮತ್ತು ಶ್ರೋತೃ ಸಂಘಗಳ ಕಾಗದಗಳು. ಆ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ನಿಯಮ: ನಿಗದಿಯಾದಷ್ಟು ವಾರ ಪಟ್ಟಿಯಲ್ಲಿ ನಿಂತ ಹಾಡಿಗೆ ‘ಸರ್‌ತಾಜ್ ಗೀತ್’ ಎಂಬ ಕಿರೀಟ ತೊಡಿಸಿ, ಕಹಳೆ ಊದಿಸಿ, ಗೌರವದಿಂದ ಸ್ಪರ್ಧೆಯಿಂದ ಹೊರಗೆ ಕಳಿಸುತ್ತಿದ್ದರು. ಇನ್ನು ನೀನು ಓಡಬೇಕಿಲ್ಲ, ಬೇರೆಯವರಿಗೆ ಜಾಗ ಬಿಡು ಎಂದ ಹಾಗೆ. ಸಿನಿಮಾ ವಿಮರ್ಶಕರು ಈ ನಿಯಮ ತಂದಿದ್ದರೆ ‘ಸಿಟಿಜನ್ ಕೇನ್’ ಯಾವತ್ತೋ ಪಿಂಚಣಿ ತೆಗೆದುಕೊಂಡು ಹಾಯಾಗಿರುತ್ತಿತ್ತು.

ನನ್ನ ಹತ್ತು ಹಾಡುಗಳನ್ನು ಪ್ರಾಮಾಣಿಕವಾಗಿ ಬರೆದು ನೋಡಿದೆ. ಏಳು ಹಾಡುಗಳು ನಾನು ಹೈಸ್ಕೂಲು ಸೇರಿದಲ್ಲಿಂದ ಕೆಲಸಕ್ಕೆ ಸೇರುವವರೆಗಿನ ಎಂಟು–ಹತ್ತು ವರ್ಷಗಳವು. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಇಳಯರಾಜ ಮಾಡಿದ ಹಾಡುಗಳು, ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಅವರ ಭಾವಗೀತೆ ಕ್ಯಾಸೆಟ್ಟುಗಳು. ಸಂಗೀತದ ಚರಿತ್ರೆಯಲ್ಲಿ ಆ ಹತ್ತು ವರ್ಷ ಅಷ್ಟೊಂದು ಸಮೃದ್ಧವಾಗಿತ್ತೇ? ಮನಶ್ಶಾಸ್ತ್ರಜ್ಞರನ್ನು ಕೇಳಿದರೆ ನಗುತ್ತಾರೆ. ಹದಿಹರೆಯದಿಂದ ಇಪ್ಪತ್ತರ ದಶಕದ ನಡುವಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ ಎಂಬುದು ಅವರು ಮತ್ತೆ ಮತ್ತೆ ಕಂಡುಕೊಂಡ ವಿಷಯ, ಹಾಡಿಗಂತೂ ಅದು ಚೆನ್ನಾಗಿಯೇ ಅನ್ವಯಿಸುತ್ತದೆ. ಮೊದಲ ಸಲ ಮನೆ ಬಿಟ್ಟು ಹಾಸ್ಟೆಲ್ ಸೇರಿದ್ದು, ಮೊದಲ ಸಂಬಳ, ಮೊದಲ ಪ್ರೀತಿ, ಅದು ಕೈತಪ್ಪಿದ್ದು, ಎಲ್ಲ ಅಲ್ಲೇ ಗುಂಪಾಗಿ ಬಿದ್ದಿರುತ್ತವೆ. ಆಗ ಪಕ್ಕದ ರೂಮಿನಲ್ಲಿ ಯಾವ ಕ್ಯಾಸೆಟ್ ಓಡುತ್ತಿತ್ತೋ ಅದೇ ಜನ್ಮಕ್ಕೆ ಮೆಚ್ಚಿನ ಹಾಡು. ‘ಈಗಿನ ಹಾಡುಗಳಲ್ಲಿ ಏನಿದೆ’ ಎನ್ನುವವರೆಲ್ಲ ನಿಜವಾಗಿ ಹೇಳುತ್ತಿರುವುದು ‘ಈಗ ನನಗೆ ಹತ್ತೊಂಬತ್ತಲ್ಲ’ ಎಂದು.

ಈಗ ಫೋನು ನಮ್ಮ ಪರವಾಗಿ ಪಟ್ಟಿ ಮಾಡುತ್ತದೆ. ಸ್ಪಾಟಿಫೈಯಂಥ ಆಪ್‌ನಲ್ಲಿ ಹಾಡು 30 ಸೆಕೆಂಡ್ ಓಡಿದರೆ ಒಂದು ಸಲ ಕೇಳಿದ ಲೆಕ್ಕ. ವರ್ಷದ ಕೊನೆಗೆ ‘ಇದೇ ನಿನ್ನ ನಂಬರ್ ಒನ್’ ಎಂದು ಬಣ್ಣ ಬಣ್ಣದ ಕಾರ್ಡು ಬರುತ್ತದೆ. ನನಗೆ ಬಂದದ್ದು ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ್ವರ ಸುಪ್ರಭಾತ. ಬೆಳಗ್ಗೆ ಆರಕ್ಕೆ ಅಮ್ಮ ನನ್ನ ಫೋನು ತೆಗೆದುಕೊಂಡು ಹಾಕುತ್ತಾರೆ, ಅದಕ್ಕೆ. ಮೊದಲು ನಕ್ಕೆ. ಆಮೇಲೆ ಯೋಚಿಸಿದೆ: ಅದು ನನ್ನ ಹತ್ತರಲ್ಲಿ ಯಾಕಿಲ್ಲ? ಊಟದಲ್ಲಿ ಮೆಚ್ಚಿನ ಪದಾರ್ಥ ಯಾವುದು ಎಂದರೆ ಉಪ್ಪು ಎಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆ. ಅಮ್ಮ ಊರಿಗೆ ಹೋದ ವಾರ ಮನೆಯಲ್ಲಿ ಬೆಳಗೇ ಆದಂತಿರುವುದಿಲ್ಲ. ಫೋನಿಗೆ ಎಣಿಸಲು ಬರುತ್ತದೆ, ನನಗೆ ಗಮನಿಸಲು ಬಂದಿರಲಿಲ್ಲ.

ಧಾರವಾಡದ ಕಡೆಯ ಸ್ನೇಹಿತರೊಬ್ಬರ ಹತ್ತಿರ ಒಮ್ಮೆ ನಿಮ್ಮ ಮೆಚ್ಚಿನ ರಾಗ ಯಾವುದು ಎಂದು ಕೇಳಿಬಿಟ್ಟೆ. ಅವರು ಗಡಿಯಾರ ನೋಡಿಕೊಂಡರು! ತೋಡಿ ಬೆಳಗಿನದು, ಯಮನ್ ಸಂಜೆಯದು. ಎಷ್ಟು ಗಂಟೆಗೆ ಎಂದು ಹೇಳದೆ ಯಾವುದು ಮೇಲು ಎಂದು ಕೇಳಿದರೆ ಏನು ಹೇಳಲಿ ಎಂದರು. ಮಲ್ಲಿಕಾರ್ಜುನ ಮನ್ಸೂರರೋ ಭೀಮಸೇನ ಜೋಶಿಯವರೋ ಎಂಬ ಹಳೆಯ ಪ್ರಶ್ನೆಗೂ ಅವರ ಉತ್ತರ ಹಾಗೇ ಇತ್ತು. ಒಬ್ಬರು ಜೈಪುರ–ಅತ್ರೌಲಿ ಘರಾಣೆಯವರು, ಯಾರೂ ಹಾಡದ ರಾಗಗಳನ್ನು ಗಂಟು ಬಿಚ್ಚಿ ತೋರಿಸುವವರು. ಇನ್ನೊಬ್ಬರು ಕಿರಾಣಾ ಘರಾಣೆಯವರು, ಎಲ್ಲರಿಗೂ ಗೊತ್ತಿರುವ ರಾಗಗಳಲ್ಲೇ ಮತ್ತೆ ಮತ್ತೆ ಇಳಿಯುವವರು. ‘ಕೇಳಾಕ ಕೂತಾಗ ಯಾರು ಹಾಡ್ತಿರ್ತಾರೋ ಅವರ ದೊಡ್ಡವರು ನೋಡ್ರಿ’ ಎಂದು ಮುಗಿಸಿದರು. ಪಟ್ಟಿ ಮಾಡುವವರಿಗೆ ಇಂಥವರಿಂದ ಏನೂ ಉಪಯೋಗವಿಲ್ಲ.

ಇನ್ನು ಹಾಸ್ಯ. ನಿಜವಾದ ಅನ್ಯಾಯ ಆಗುವುದು ಇಲ್ಲಿಯೇ.

ನಾನು ಬರೆದಿಟ್ಟಿದ್ದ ಸಿನಿಮಾ ಪಟ್ಟಿಯ ಮೊದಲ ಕರಡು ಮೇಜಿನ ಮೇಲಿತ್ತು. ನನ್ನ ಹೆಂಡತಿ ಪೆನ್ಸಿಲ್ ತೆಗೆದುಕೊಂಡು ಪ್ರತಿ ಹೆಸರಿನ ಮುಂದೆ ನಾನು ಆ ಸಿನಿಮಾ ಎಷ್ಟು ಸಲ ನೋಡಿದ್ದೇನೆ ಎಂದು ಬರೆಯುತ್ತ ಹೋದಳು. ಚೋಮನ ದುಡಿ: ಎರಡು. ವಂಶವೃಕ್ಷ: ಎರಡು. ತಬರನ ಕಥೆ: ಒಂದೂವರೆ, ಎರಡನೆಯ ಸಲ ತಬರ ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವುದನ್ನು ತಡೆಯಲಾರದೆ ಎದ್ದುಹೋಗಿದ್ದೆ. ಎಲ್ಲದರ ಕೆಳಗೆ ‘ಗಣೇಶನ ಮದುವೆ’ ಎಂದು ತಾನೇ ಬರೆದು, ಮುಂದೆ ‘ಇಪ್ಪತ್ತಕ್ಕೆ ಕಡಿಮೆಯಿಲ್ಲ’ ಎಂದಳು. ‘ಇದ್ಯಾಕೆ ಇಲ್ಲ ಇಲ್ಲಿ?’

‘ಅದು ಬೇರೆ’ ಎಂದೆ.

‘ಬೇರೆ ಅಂದ್ರೆ?’

ಉತ್ತರ ಹೊಳೆಯಲಿಲ್ಲ. 1990ರಲ್ಲಿ ಫಣಿ ರಾಮಚಂದ್ರ ಮಾಡಿದ ಚಿತ್ರ. ವಠಾರದಲ್ಲಿ ಹಗಲೆಲ್ಲ ಹಾವು–ಮುಂಗುಸಿಯ ಹಾಗೆ ಕಚ್ಚಾಡುವ ಅನಂತನಾಗ್, ವಿನಯಾ ಪ್ರಸಾದ್, ಇನ್ನೊಂದು ಕಡೆ ಒಬ್ಬರಿಗೊಬ್ಬರು ಯಾರೆಂದು ತಿಳಿಯದೆಯೇ ಮೆಚ್ಚಿಕೊಂಡಿರುತ್ತಾರೆ. ಕಥೆ ನನಗೆ ಬಾಯಿಪಾಠ. ಮುಂದಿನ ಮಾತೇನು ಎಂದು ಗೊತ್ತಿದ್ದೂ, ಗೊತ್ತಿರುವುದರಿಂದಲೇ, ನಗು ಬರುತ್ತದೆ. ಹಾಗಿದ್ದೂ ಪಟ್ಟಿ ಎಂದ ಕೂಡಲೇ ನಾನು ಅದನ್ನು ಹಿತ್ತಲ ಬಾಗಿಲಿನಿಂದ ಹೊರಗೆ ಕಳಿಸಿದ್ದೆ. ನಗಿಸಿದವನಿಗೆ ನಾವು ಚಪ್ಪಾಳೆ ಕೊಡುತ್ತೇವೆ, ಅಳಿಸಿದವನಿಗೆ ಪ್ರಶಸ್ತಿ. ನರಸಿಂಹರಾಜು ಅವರ ಕಾಲ್‌ಶೀಟ್ ಮೊದಲು ಹಿಡಿದು ಆಮೇಲೆ ನಾಯಕನ ಹತ್ತಿರ ಹೋಗುವ ನಿರ್ಮಾಪಕರಿದ್ದರು ಎಂಬ ಮಾತು ಗಾಂಧಿನಗರದಲ್ಲಿ ಇಂದಿಗೂ ಇದೆ. ಜನ ಅವರಿಗಾಗಿ ಬರುತ್ತಿದ್ದರು. ಪೋಸ್ಟರಿನಲ್ಲಿ ದೊಡ್ಡ ಮುಖ ಮಾತ್ರ ಬೇರೆಯವರದು.

ಇದಕ್ಕೆ ಗಂಭೀರವಾದದ್ದನ್ನು ಮಾತ್ರ ದೊಡ್ಡದೆನ್ನುವ ನಮ್ಮ ಚಾಳಿಯೊಂದೇ ಕಾರಣವಲ್ಲ. ‘ಸೈಟ್ ಅಂಡ್ ಸೌಂಡ್’ ಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 1952ರಲ್ಲಿ ಎರಡನೆಯ ಸ್ಥಾನವನ್ನು ಹಂಚಿಕೊಂಡವು ಚಾಪ್ಲಿನ್‌ನ ಎರಡು ಚಿತ್ರಗಳು: ‘ಸಿಟಿ ಲೈಟ್ಸ್’, ‘ಗೋಲ್ಡ್ ರಷ್’. 1972, 1982ರ ಮೊದಲ ಹತ್ತರಲ್ಲಿ ಬಸ್ಟರ್ ಕೀಟನ್‌ನ ‘ದಿ ಜನರಲ್’ ಇತ್ತು. ಮೂರೂ ಮೂಕಿ ಚಿತ್ರಗಳು. ‘ಸಿಟಿ ಲೈಟ್ಸ್’ ಬಂದದ್ದು 1931ರಲ್ಲಿ, ಟಾಕಿ ಬಂದು ಗದ್ದಲವೆಬ್ಬಿಸಿದ ಮೇಲೂ ಚಾಪ್ಲಿನ್ ಹಟ ಹಿಡಿದು ಮಾತಿಲ್ಲದೆ ಮಾಡಿದ್ದು. 2022ರ ಮೊದಲ ಹತ್ತರಲ್ಲಿ ನಗು ಉಕ್ಕಿಸುವುದು ‘ಸಿಂಗಿಂಗ್ ಇನ್ ದ ರೇನ್’ ಒಂದೇ, ಅದು ಹಾಡು–ಕುಣಿತದ ಬೆನ್ನೇರಿ ಬಂದದ್ದು. ಬಿದ್ದವನನ್ನು ನೋಡಿ ಎಲ್ಲ ದೇಶದವರೂ ನಗುತ್ತಾರೆ. ಮಾತಿಗೆ ನಗಬೇಕಾದರೆ ಆ ಮಾತಿನ ಮನೆಯಲ್ಲಿ ಬೆಳೆದಿರಬೇಕು. ‘ಸಮ್ ಲೈಕ್ ಇಟ್ ಹಾಟ್’ನಂಥ ಮಾತಿನ ಹಾಸ್ಯವೂ ಮೊದಲ ನೂರರಲ್ಲಿ ಇದೆ ನಿಜ, ಆದರೆ ಆ ಮಾತು ಇಂಗ್ಲಿಷು, ಅದಕ್ಕೆ ಎಲ್ಲ ಊರಲ್ಲೂ ನೆಂಟರು.

ಕೈಲಾಸಂ ನಾಟಕಗಳ ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡವನ್ನು ಸಬ್‌ಟೈಟಲ್‌ನಲ್ಲಿ ಹೇಗೆ ಹಾಕುತ್ತೀರಿ? ಎರಡು ಭಾಷೆ ಡಿಕ್ಕಿ ಹೊಡೆಯುವುದೇ ಅಲ್ಲಿಯ ನಗು, ಅದನ್ನು ಪೂರ್ತಿ ಇಂಗ್ಲಿಷಿಗೆ ತಂದರೆ ಡಿಕ್ಕಿಯೇ ಇಲ್ಲ. ರಾಶಿಯವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಯ ಪುಟಗಳ ಕಥೆಯೂ ಅಷ್ಟೇ: ಅದರಲ್ಲಿ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳು ದೇಶ ಸುತ್ತಬಲ್ಲವು, ಪಕ್ಕದ ಕನ್ನಡ ಹರಟೆ ಗಡಿ ದಾಟಲಾರದು. ಮಗನ ಜೊತೆ ಬೆಳೆದ ಅವನ ಹೊರರಾಜ್ಯದ ಗೆಳೆಯನನ್ನು ಒಮ್ಮೆ ಕೂರಿಸಿಕೊಂಡು ‘ಗಣೇಶನ ಮದುವೆ’ ತೋರಿಸಿದ್ದೆವು. ಕನ್ನಡ ಅವನಿಗೆ ಅಂಗಡಿಗೆ ಸಾಲುವಷ್ಟು ಬರುತ್ತದೆ. ನಾವು ಬಿದ್ದು ಬಿದ್ದು ನಗುವಾಗ ಅವನು ನಮ್ಮ ಮುಖ ನೋಡಿ ಮರ್ಯಾದೆಗೆ ನಗುತ್ತಿದ್ದ. ವಠಾರ ಎಂದರೆ ಏನು, ಒಂದೇ ನಲ್ಲಿ, ಒಂದೇ ಗೋಡೆ ಹಂಚಿಕೊಂಡವರ ಜಗಳಕ್ಕೆ ಯಾಕೆ ಅಷ್ಟು ರುಚಿ ಎಂದು ವಿವರಿಸುವುದರೊಳಗೆ ಮೂರು ನಗು ದಾಟಿಹೋಗಿರುತ್ತಿತ್ತು. ನೂರು ದೇಶದ ವಿಮರ್ಶಕರ ಸಭೆಯಲ್ಲಿ ಇಂಥ ಸಿನಿಮಾಗೆ ವೋಟು ಎಲ್ಲಿಂದ ಬರಬೇಕು?

ಮದುವೆ ಮುಗಿಸಿ ಬಂದ ಮೇಲೂ ಅಕ್ಕನ ಮಗಳು ಬಿಡಲಿಲ್ಲ. ‘ಮಾಮ, ನಿಮ್ಮ ಹತ್ತು ಕನ್ನಡ ಸಿನಿಮಾ ಕಳಿಸಲೇಬೇಕು’ ಎಂದು ವಾಟ್ಸಾಪಿನ ಫ್ಯಾಮಿಲಿ ಗ್ರೂಪಿನಲ್ಲೇ ತಗಾದೆ ಹಾಕಿದಳು. ಕ್ರಮಾಂಕ ಕೊಡುವ ಧೈರ್ಯ ನನಗೆ ಉಳಿದಿರಲಿಲ್ಲ. ವಿಮರ್ಶಕರ ಹಾಗೆ ಹತ್ತಕ್ಕೂ ಸಮ ಗೌರವ ಎಂದುಕೊಂಡು ಅಕಾರಾದಿಯಲ್ಲಿ ಜೋಡಿಸಿ ಕಳಿಸಿದೆ: ಎರಡು ಕನಸು, ಒಂದಾನೊಂದು ಕಾಲದಲ್ಲಿ, ಗಣೇಶನ ಮದುವೆ, ಗೆಜ್ಜೆ ಪೂಜೆ, ಘಟಶ್ರಾದ್ಧ, ಚೋಮನ ದುಡಿ, ತಬರನ ಕಥೆ, ಬಂಗಾರದ ಮನುಷ್ಯ, ವಂಶವೃಕ್ಷ, ಹಂಸಗೀತೆ. ಅಕಾರಾದಿ ಎಂದು ಬರೆಯಲು ಮರೆತೆ.

ಐದು ನಿಮಿಷದಲ್ಲಿ ಹುಡುಗಿಯ ಉತ್ತರ ಬಂತು. ಘಟಶ್ರಾದ್ಧಕ್ಕೆ ಐದನೇ ಸ್ಥಾನ ಕೊಟ್ಟದ್ದು ನೋಡಿದರೆ ಫಿಪ್ರೆಸ್ಕಿಯಿಂದ ಕಾಪಿ ಹೊಡೆದ ಹಾಗಿದೆ. ಆದರೆ ಅದಕ್ಕಿಂತ ಎರಡು ಮೆಟ್ಟಿಲು ಮೇಲೆ ‘ಗಣೇಶನ ಮದುವೆ’ ಇಟ್ಟದ್ದು ಅಕ್ಷಮ್ಯ. ಭಾವ ಮಾತಿಲ್ಲದೆ ಹೆಬ್ಬೆರಳು ಎತ್ತಿದರು. ಹಂಸಗೀತೆಯನ್ನು ಕೊನೆಗೆ ತಳ್ಳಿದ್ದಕ್ಕೆ ಸಂಗೀತ ಕಲಿತ ಅತ್ತಿಗೆ ಮುನಿಸಿಕೊಂಡರು. ನನಗೆ ಅದರ ಮೇಲೆ ಇರುವಷ್ಟು ಮೋಹ ಉಳಿದ ಒಂಬತ್ತರ ಮೇಲೂ ಇಲ್ಲ, ಬಾಲಮುರಳಿಕೃಷ್ಣ ಅದರ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದದ್ದೂ ಗೊತ್ತು. ಏನು ಮಾಡಲಿ, ಅದು ‘ಹ’ದಲ್ಲಿ ಹುಟ್ಟಿದೆ.

ರಾತ್ರಿ ಸೋದರತ್ತೆ ಫೋನ್ ಮಾಡಿದರು. ‘ಅಂತೂ ರಾಜ್‌ಕುಮಾರ್‌ನೇ ಒಂದನೇ ನಂಬರ್ ಮಾಡಿದ್ಯಲ್ಲ ಕಣೋ, ಎರಡು ಕನಸು! ನಂಗೂ ಅದೇ ಅಂತ ಹೇಳ್ಬೇಕು ಅನ್ನಿಸಿತ್ತು, ವ್ಯಾನಲ್ಲಿ ಯಾಕೋ ಬಾಯಿಗೆ ಬರ್ಲಿಲ್ಲ.’

‘ಹೌದತ್ತೆ’ ಎಂದೆ.